ಕಾಡವರಿ ಹಿಡಿದಿದ್ದ ದಂಡೆ

ಆಗ, ಎಪ್ಪತ್ತರ ದಶಕದ ಕೊನೆಯಲ್ಲಿ, ದೇವದುರ್ಗದ ಕಡೆಯ ನಮ್ಮೂರಿನ ಮಕ್ಕಳಿಗೆ ಹೊಳೆಯೇ ಅಂಗಳವಾಗಿತ್ತು. ರೊಟ್ಟಿಯಲ್ಲಿ ಖಾರದ ಶೇಂಗಾ ಹಿಂಡಿ ಸುತ್ತಿಕೊಂಡು ಹೋದರೆ ಕತ್ತಲಾಗುವ ತನಕ ಮನೆ ನೆನಪಾಗುತ್ತಿರಲಿಲ್ಲ. ಕೃಷ್ಣೆಯ ಮರಳುದಂಡೆಯ ತುಂಬ ಕಾಡವರಿ ಬಳ್ಳಿ. ಮೂರು ಮೂರು ಎಲೆ, ನೇರಳೆ ಹೂ, ಹೂವಿಗೆ ಮುತ್ತುವ ಕರಿದುಂಬಿ. ಗೆಣ್ಣು ಮರಳಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತಿತ್ತು. ಬಿಸಿಲಿಗೆ ಕಾಯಿ ಚಟ್ಟನೆ ಸಿಡಿದು ಕಾಳು ನೀರಿಗೆ ಬಿದ್ದರೆ, ತೇಲಿಹೋಗಿ ಮುಂದಿನ ಊರಿನಲ್ಲಿ ಮೊಳೆಯುತ್ತದೆ ಅನ್ನುತ್ತಿದ್ದರು.

ಆ ವರ್ಷ ಜೋಳದ ಸುಗ್ಗಿ ಮುಗಿದ ಮೇಲೆ ಅಪ್ಪ ಮಾನ್ವಿ ಕಡೆಯ ಕುರಿಹಿಂಡನ್ನು ನಮ್ಮ ಹೊಳೆದಂಡೆಯ ಹೊಲದಲ್ಲಿ ನಿಲ್ಲಿಸಿದ. ಕುರಿ ಮಲಗಿದ ನೆಲಕ್ಕೆ ಹಿಕ್ಕೆಯೇ ಗೊಬ್ಬರ. ಹಿಂಡಿನ ಯಜಮಾನ ಭರಮಜ್ಜ. ಜೊತೆಗೆ ನನ್ನ ವಾರಿಗೆಯ ಮೊಮ್ಮಗಳು ಮಾಳವ್ವ. ಹೊಲದಲ್ಲಿ ಕೂಳೆ ತೀರಿದ ಮೇಲೆ ಕುರಿಗಳು ದಂಡೆಯ ಬಳ್ಳಿಗೆ ಬಾಯಿ ಹಾಕಿದವು.

"ಯಜ್ಜಾ, ದಂಡಿ ಬೋಳಾಗಾಕತ್ತದಲ್ಲ?" ಅಂದಳು ಅವ್ವ.

"ಮಳಿ ಬಂದ್ರ ಮತ್ತ ಚಿಗೀತದ ಬಿಡ ಯವ್ವಾ. ಕುರಿ ಉಪಾಸ ಮಲಗಿದ್ರ ನಿನ್ನ ಹೊಲಕ್ಕ ಏನು ಹಾಕ್ಯಾವು?"

ಎಲ್ಲರೂ ನಕ್ಕರು. ಅವ್ವನೂ ನಕ್ಕಳು.

ಕುರಿ ಬಿಟ್ಟ ಒರಟು ಬಳ್ಳಿಗಳನ್ನು ನಾವು ಕಿತ್ತು ಹೊಸೆದು ಬಸ್ಸು ಮಾಡಿಕೊಂಡೆವು. ಮುಂದೆ ಬಳ್ಳಿಯನ್ನು ಸೊಂಟಕ್ಕೆ ಸುತ್ತಿಕೊಂಡ ಡ್ರೈವರ್ ಮಾಳವ್ವ. ಹಿಂದೆ ಅದರ ತುದಿ ಹಿಡಿದ ಕಂಡಕ್ಟರ್ ನಾನು.

"ಲೇ ಕಂಡಕ್ಟರ್, ಸೀಟಿ ಊದ ಬೇ! ನಿದ್ದಿ ಬಂತೇನು?"

"ದೇವದುರ್ಗಾ, ದುರ್ಗಾ! ಮುಂದ ಸರೀರಿ!"

ಬಿಸಿಲು ಹೆಚ್ಚಾಗಿ, ಬಸ್ಸನ್ನು ನೆರಳಿಗೆ ನಿಲ್ಲಿಸುತ್ತೇನೆಂದು ಅವಳು ದಂಡೆಯ ಕೆಳಗೆ ಹೊಳೆ ಕೊರೆದಿದ್ದ ಪೊಟರೆಗೆ ನುಗ್ಗಿದಳು. ಜೋಳದ ಚೀಲ ಕೆಡವಿದಂಥ ಸದ್ದು. ಕಣ್ಣಿಗೆ ಬಿದ್ದ ಮರಳು ಉಜ್ಜಿಕೊಂಡು ನೋಡಿದರೆ ದಂಡೆ ಕುಸಿದಿತ್ತು, ಮಾಳವ್ವ ಇಲ್ಲ. ನನ್ನ ಕೈಯಿಂದ ಹೊರಟ ಬಳ್ಳಿ ಮರಳಿನ ಗುಡ್ಡೆಯೊಳಗೆ ಹೋಗಿತ್ತು, ಅಷ್ಟೆ.

ನಾನು ಜಗ್ಗಿದೆ. ಮೇಲಿನಿಂದ ಜಾರುತ್ತ ಬಂದ ಭರಮಜ್ಜ ಕೂಗಿದ: "ಜಗ್ಗಬ್ಯಾಡ! ಹರೀತದ! ಬಳ್ಳಿ ಗುಂಟ ಕೆದರ್ರಿ!"

ಕೆದರಿದಷ್ಟೂ ಮರಳು ಇಳಿದು ಬಂದು ಕುಣಿಯನ್ನು ತುಂಬುತ್ತಿತ್ತು. ಇಂದಿಗೂ ಎಚ್ಚರದಲ್ಲೇ ಆ ಮರಳು ಇಳಿಯುತ್ತದೆ. ನಾನು ಕೆದರುತ್ತಲೇ ಇರುತ್ತೇನೆ. ಮೊದಲು ಜಡೆ ಸಿಕ್ಕಿತು. ಆಮೇಲೆ ಕಿವಿ. ಅಜ್ಜ ಅವಳನ್ನು ಎಳೆದು, ಬಾಯೊಳಗಿನ ಮರಳನ್ನು ಬೆರಳಿನಿಂದ ಬಳಿದು, ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದ. ಗುದ್ದುತ್ತಲೇ ಇದ್ದ. ಕೊನೆಗೊಮ್ಮೆ ಕೆಮ್ಮು ಬಂತು.

"ಯಜ್ಜಾ, ಹೊಡೀಬ್ಯಾಡ," ಅಂದಳು ಮಾಳವ್ವ. "ಇನ್ನ ಹೋಗಂಗಿಲ್ಲ ಅಲ್ಲಿ."

ಅಜ್ಜ ಗುದ್ದಿದ ಕೈಯಿಂದಲೇ ಮುಖ ಮುಚ್ಚಿಕೊಂಡು ಕುಳಿತ. ಮರುದಿನ ಬೆಳಿಗ್ಗೆ ಹಿಂಡು ಎದ್ದುಹೋಯಿತು.

ಎಷ್ಟೋ ವರ್ಷದ ಮೇಲೆ, ನಾನು ಓದುತ್ತಿದ್ದ ರಾಯಚೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು, ಅವರೆಯ ಕುಲದ ಬಳ್ಳಿಗಳು ಕಡಲ ದಂಡೆಯ ಮರಳನ್ನು ಬೇರಿನಲ್ಲಿ ಹಿಡಿದಿಡುತ್ತವೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋದರು. ನನಗೆ ಮುಂದಕ್ಕೆ ಹೋಗಲಾಗಲಿಲ್ಲ. ಉಗುರಿನ ಸಂದಿಯಲ್ಲಿ ಮರಳು ಚುಚ್ಚಿದಂತಾಗಿ ಡೆಸ್ಕಿನ ಕೆಳಗೆ ಕೈ ಉಜ್ಜಿಕೊಂಡೆ.

ಈಗ ಆ ದಂಡೆಯಲ್ಲಿ ಬಳ್ಳಿಯಿಲ್ಲ. ಮರಳನ್ನೂ ಲಾರಿಗಳು ಹೊತ್ತೊಯ್ದಿವೆ. ಹೋದ ವರ್ಷ ಊರಿಗೆ ಹೋದಾಗ ತಂಗಿಯ ಮಗಳು, "ದೊಡ್ಡವ್ವಾ, ನೀರು ಮುಟ್ಟಿ ಬರ್ತೀನಿ," ಅಂದಳು. ಅವಳ ವಯಸ್ಸಿಗೆ ನಾನು ಯಾರನ್ನೂ ಕೇಳದೆ ಓಡುತ್ತಿದ್ದೆ. ಅವಳ ಕೈಯನ್ನು ನನ್ನ ಕೈ ಬಿಡಲೇ ಇಲ್ಲ. ಹೊಳೆಯೂರಿನ ಮಗುವಿಗೆ ಹೊಳೆಯನ್ನು ದೂರದಿಂದ ತೋರಿಸಿ, ಕರೆದುಕೊಂಡು ಬಂದೆ.