ಕೆರೆ ದಾಟದ ಪಾಠ

ಪಾಂಡವಪುರದ ಯಾಸ್ಮೀನ್‌ಗೆ ಎರಡು ಹೆಮ್ಮೆ. ಒಂದು, ವಿಜ್ಞಾನ ಪಾಠ ಹೇಳುವ ತನ್ನ ಬಾಯಿ. ಇನ್ನೊಂದು, ತಮ್ಮ ತೌಸಿಫ್. ಮೊದಲನೆಯದರ ಬಗ್ಗೆ ಯಾರ ತಕರಾರೂ ಇಲ್ಲ. ಎಡವಟ್ಟು ಮಾಡಿದ್ದು ಎರಡನೆಯದು.

ತೌಸಿಫ್ ಮದುವೆ ವಿಡಿಯೋ ತೆಗೆಯುವವನು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಓದು ಬಿಟ್ಟ ಹೆಂಗಸರಿಗೆ ಫೋನಿನಲ್ಲೇ ಪಾಠ ಕಲಿಸುವ ಕೋರ್ಸೊಂದಕ್ಕೆ ಯಾಸ್ಮೀನ್ ಮೇಡಂ ಆದಾಗ, ಅವನು ಅದನ್ನು ಮನೆಯ ಮರ್ಯಾದೆ ಪ್ರಶ್ನೆ ಮಾಡಿಕೊಂಡ. ಪ್ರತಿ ಪಾಠದ ಆರಂಭಕ್ಕೂ ತೊಣ್ಣೂರು ಕೆರೆ. ಡ್ರೋನು ನೀರಿನ ಮೇಲೆ ತೇಲಿ ಬರಬೇಕು, ನಾದಸ್ವರ ಮೊಳಗಬೇಕು, 'ಜೀರ್ಣಾಂಗ ವ್ಯೂಹ' ಎಂಬ ಅಕ್ಷರಗಳ ಮೇಲೆ ಗುಲಾಬಿ ಪಕಳೆ ಉದುರಬೇಕು. ಆಮೇಲೆ ಅಕ್ಕ ಸ್ಲೋ ಮೋಷನ್ನಿನಲ್ಲಿ ನಡೆದುಬರಬೇಕು. ಪಾಪ, ಸಣ್ಣ ಕರುಳಿಗೆ ಇಷ್ಟು ಮೆರವಣಿಗೆ ಹಿಂದೆಂದೂ ಆಗಿರಲಿಲ್ಲ. ಯಾಸ್ಮೀನ್ ಅದನ್ನು ನಾಲ್ಕು ಸಲ ಹಾಕಿಕೊಂಡು ನೋಡಿದಳು. ನೋಡದೆ ಇರಲು ಅವಳೇನು ಸನ್ಯಾಸಿಯೇ?

ಸಂತೆಗೆ ಬರುವ ಹೆಂಗಸರಿಗೆ ಅನುಕೂಲವಾಗಲೆಂದು ಸಂತೆಬಾಚಹಳ್ಳಿಯಲ್ಲಿ ಸಂತೆಯ ದಿನವೇ ಮುಖಾಮುಖಿ ತರಗತಿ. ಸೊಪ್ಪಿನ ಚೀಲ ಪಕ್ಕಕ್ಕಿಟ್ಟು ಎಲ್ಲರೂ ಕೂತರು. ಮುಂದಿನ ಸಾಲಿನಲ್ಲಿ ಮಂಗಳಮ್ಮ. ಅತ್ತಕಡೆಯ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಉಳಿದೆಲ್ಲ ವಿಷಯ ಪಾಸು, ವಿಜ್ಞಾನ ಒಂದು ಬಾಕಿ. ಮಗಳು ಮೇಘನ ಬರುವ ವರ್ಷ ಎಸ್ಸೆಸ್ಸೆಲ್ಸಿ. ಅವಳಿಗಿಂತ ಮುಂಚೆ ತಾನು ಪಾಸಾಗಬೇಕು, ಈ ಸಲ ಆಗದಿದ್ದರೆ ಪುಸ್ತಕ ಅಟ್ಟಕ್ಕೆ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದಳು.

“ಮೂರನೇ ಪಾಠದಲ್ಲಿ ಏನಿತ್ತು, ಹೇಳಿ ನೋಡೋಣ,” ಎಂದಳು ಯಾಸ್ಮೀನ್.

ಮಂಗಳಮ್ಮ ಎದ್ದಳು.

“ಕೆರೆ ಇತ್ತು ಮೇಡಂ.”

“ಆಮೇಲೆ?”

“ಆಮ್ಯಾಕೆ ಗುಲಾಬಿ ಊವು ಉದುರ್ತವೆ. ಅಷ್ಟ್ರಲ್ಲಿ ಚಕ್ರ ಸುತ್ತಕ್ ಸುರುವಾಯ್ತದೆ, ನಿಂತೋಯ್ತದೆ. ನಮ್ಮೂರಲ್ಲಿ ನೆಟ್ಟು ಅಂಗೇಯ. ದಿನಾ ಕೆರೇನೇ ನೋಡ್ತಾವ್ನಿ. ಇದೂ ಪರೀಕ್ಸೆಗೆ ಬತ್ತದೇನೋ ಅಂತ ಕೋಡಿ ಎತ್ಲಾಗದೆ, ಏರಿ ಎತ್ಲಾಗದೆ ಎಲ್ಲ ಗ್ಯಾನ ಮಡೀಕಂಡಿವ್ನಿ.”

ಉಳಿದವರೂ ತಲೆಯಾಡಿಸಿದರು. ಅಷ್ಟೂ ಜನರಲ್ಲಿ ಒಬ್ಬರೂ ಕೆರೆ ದಾಟಿರಲಿಲ್ಲ. ಯಾಸ್ಮೀನ್ ಅಲ್ಲಿ ನಕ್ಕಳು, ವಾಪಸು ಬರುವ ಬಸ್ಸಿನಲ್ಲಿ ಅತ್ತಳು. ಪರೀಕ್ಷೆ ಹತ್ತಿರದಲ್ಲೇ ಇತ್ತು. ಆ ಹೆಂಗಸು ನಂಬಿ ಕೂತಿದ್ದಳು.

ಮನೆಗೆ ಬಂದವಳೇ ಕೆರೆ ಕಿತ್ತುಹಾಕು ಎಂದಳು. ತೌಸಿಫ್ ಮುಖ ಊದಿಸಿದ. “ಕ್ವಾಲಿಟಿ ಹೋಯ್ತದೆ ಆಪಾ. ಎಷ್ಟು ಕಷ್ಟಪಟ್ಟು ಹಾರಿಸಿದ್ದೆ ಗೊತ್ತಾ?”

“ಕ್ವಾಲಿಟಿ ಇಟ್ಕೊಂಡು ಉಪ್ಪಿನಕಾಯಿ ಹಾಕು. ಅವರಿಗೆ ಪಾಠ ಮುಟ್ಟಬೇಕು.”

ಅಕ್ಕಿ ಆರಿಸುತ್ತಿದ್ದ ತಾಯಿ ಖತೀಜಾ ಬೀ ತಲೆಯೆತ್ತದೆ ಹೇಳಿದರು: “ನಾನು ಬೆಳ್ಳೂರಲ್ಲಿರೋ ನನ್ ತಂಗಿಗೆ, ನಿನ್ ಖಾಲಾಗೆ, ದಿನಾ ವಾಯ್ಸ್ ಹಾಕ್ತೀನಲ್ಲ ಬೇಟಿ. ಅದು ಒಂದ್ ದಿನಾನೂ ನಿಂತಿಲ್ಲ. ನಿಂತಿದ್ರೆ ಅವಳಿಗೂ ನೆಮ್ಮದಿ ಇರ್ತಿತ್ತು.”

ಯಾಸ್ಮೀನ್ ಅಮ್ಮನ ಕೆನ್ನೆ ಹಿಂಡಿದಳು. ಮಾರನೆಯ ದಿನದಿಂದ ಪಾಠಗಳು ಮಾತಾಗಿ ಹೊರಟವು, ಒಂದೊಂದೂ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನದು. ಜೊತೆಗೆ ಒಂದೇ ಒಂದು ಚಿತ್ರ. ಮುನಿಸು ಬಿಟ್ಟ ತೌಸಿಫ್ ಆ ಚಿತ್ರಗಳನ್ನು ಬರೀ ಗೆರೆಗಳಲ್ಲಿ ಬರೆದು, ಅಕ್ಷರ ದಪ್ಪ ಮಾಡಿ, ಫೈಲನ್ನು ಎಷ್ಟು ಸಣ್ಣದು ಮಾಡಿದನೆಂದರೆ ಎಂಥ ಬಡ ನೆಟ್ಟಿಗೂ ಅದು ಭಾರವಾಗಲಿಲ್ಲ. ಮದುಮಗಳ ಒಡವೆ ತಿದ್ದುತ್ತಿದ್ದ ಕೈ ಈಗ ಜಠರ ತಿದ್ದಿತು.

ಮಂಗಳಮ್ಮನ ಊರಿನಲ್ಲಿ ಸಿಗ್ನಲ್ಲು ಸಿಗುವುದು ಹಾಲಿನ ಡೇರಿಯ ಮುಂದೆ. ಅವಳು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಲ್ಲೇ ಪಾಠ ಇಳಿಸಿಕೊಂಡಳು, ಅಲ್ಲೇ ಜೋರಾಗಿ ಹಾಕಿದಳು. ಕೆಲವೇ ದಿನದಲ್ಲಿ ಇಡೀ ಸಾಲಿಗೆ ಪಿತ್ತಕೋಶದ ಪರಿಚಯವಾಯಿತು. ಹಾಲು ಅಳೆಯುವ ದ್ಯಾವಯ್ಯನಂತೂ, “ಇವತ್ತು ರಕ್ತದ್ ಪಾಠ ಆಕವ್ವ, ನೆನ್ನೆದು ಅರ್ಧಕ್ಕೆ ಬುಟ್ಬುಟ್ಟೆ,” ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದ. ಸಾಲಿನಲ್ಲಿದ್ದವರು ಪ್ರಶ್ನೆ ಹಾಕುವುದು, ಮಂಗಳಮ್ಮ ಉತ್ತರ ಹೇಳುವುದು, ತಪ್ಪಿದರೆ ಎಲ್ಲರೂ ಸೇರಿ ಆಡಿಕೊಳ್ಳುವುದು ದಿನಚರಿಯೇ ಆಯಿತು.

ಫಲಿತಾಂಶದ ದಿನ ಮಧ್ಯಾಹ್ನ ಮಂಗಳಮ್ಮನ ವಾಯ್ಸ್ ಬಂತು. ಮೊದಲಿಗೆ ಕ್ಯಾನುಗಳ ಸದ್ದು, ಹಿಂದೆ ಯಾರದೋ ಕೇಕೆ, ಆಮೇಲೆ ಅವಳ ದನಿ. “ಪಾಸಾದೆ ಮೇಡಂ. ಮೇಘನಂಗಿಂತ ಮುಂಚೆ ಪಾಸಾದೆ. ಒಂದಾಸೆ ಅದೆ. ಆ ಕೆರೇನ ಒಂದ್ಸಲ ಪೂರ್ತಿ ತೋರ್ಸಿ.”

ಮುಂದಿನ ಭಾನುವಾರ ಎಲ್ಲರೂ ತೊಣ್ಣೂರಿಗೆ ಹೋದರು. ಮಂಗಳಮ್ಮ ಏರಿಯ ಮೇಲೆ ನಿಂತು ಈ ತುದಿಯಿಂದ ಆ ತುದಿವರೆಗೆ ನಿಧಾನವಾಗಿ ನೋಡಿದಳು. ನೀರು ಎಲ್ಲೂ ನಿಲ್ಲದೆ ಹೊಳೆಯಿತು. ಆಮೇಲೆ ತೌಸಿಫ್‌ನತ್ತ ತಿರುಗಿ, “ಊವು ಎಲ್ಲಪ್ಪ?” ಎಂದಳು.

ಅವನು ಅದಕ್ಕೇ ಕಾದಿದ್ದವನಂತೆ ಕ್ಯಾಮೆರಾ ಚೀಲಕ್ಕೆ ಕೈ ಹಾಕಿ, ಬೊಗಸೆ ತುಂಬ ಗುಲಾಬಿ ಪಕಳೆ ತೆಗೆದು ಅವಳ ತಲೆಯ ಮೇಲೆ ಸುರಿದ. ಯಾಸ್ಮೀನ್‌ಗೆ ನಗುವೂ ಅಳುವೂ ಒಟ್ಟಿಗೇ ಬಂತು. ಕೂದಲಿಗೆ ಅಂಟಿದ್ದನ್ನು ಕೊಡವಲು ಅವಳು ಕೈ ಚಾಚಿದಾಗ ಮಂಗಳಮ್ಮ ತಡೆದಳು.

“ಇರ್ಲಿ ಬುಡಿ ಮೇಡಂ. ಇಂಗೇ ಬಸ್ಸತ್ತೀನಿ. ಮೇಘನ ನೋಡ್ಲಿ.”