ಹತ್ತಕ್ಕೆ ಮೂರು ಅಂಕದ ಬೀರು

ಹಾನಗಲ್ಲಿನ ಹತ್ತಿರದ ಒಂದು ಮಾವಿನ ತಿರುಳಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷಗಳಿಂದ ನನ್ನ ಕೆಲಸ ರುಚಿ ನೋಡುವುದು. ಹುದ್ದೆಗೆ ಉದ್ದನೆಯ ಹೆಸರಿದೆ, ಪ್ರಯೋಗಾಲಯವಿದೆ, ತೊಡಲು ಬಿಳಿ ಕೋಟೂ ಇದೆ. ಆದರೆ ಯಂತ್ರಗಳಿಗಿಂತ ಅರ್ಧ ದಿನ ಮೊದಲೇ ನನ್ನ ನಾಲಿಗೆ ಹೇಳಿಬಿಡುತ್ತದೆ, ಈ ತಿರುಳು ಹುಳಿ ತಿರುಗಲಿದೆ ಎಂದು. ಹಾಗೆ ಹೇಳಿದ ದಿನ ನಮ್ಮ ಮ್ಯಾನೇಜರರು ನನ್ನ ಜೊತೆ ಚಹಾ ಕುಡಿಯುವುದಿಲ್ಲ.

ಕಳೆದ ಹಂಗಾಮಿನ ಕೊನೆಯಲ್ಲಿ ಆರು ಡ್ರಮ್ಮು ತಿರುಳಿನ ಮೇಲೆ ನಾನು ಕೆಂಪು ಚೀಟಿ ಅಂಟಿಸಿದೆ. ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ತಿರುಳು ಒಂದು ಇಡೀ ಮಧ್ಯಾಹ್ನ ತೊಟ್ಟಿಯಲ್ಲೇ ನಿಂತಿತ್ತು. ಚಮಚದ ತುದಿಯಷ್ಟು ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ನಾಲಿಗೆಯ ಅಂಚಿನಲ್ಲಿ ಸಣ್ಣ ಚುರುಕು, ಕೊನೆಗೆ ಬುಟ್ಟಿಯ ತಳದಲ್ಲಿ ಮರೆತುಹೋದ ಹಣ್ಣಿನ ವಾಸನೆ.

“ಇಷ್ಟ ಸಣ್ಣ ಚುರುಕಿಗೆ ಆರು ಡ್ರಮ್ಮ ಚೆಲ್ಲಬೇಕೇನ್ರಿ ಮೇಡಂ?” ಎಂದರು ಮ್ಯಾನೇಜರರು.

“ಇವತ್ತ ಸಣ್ಣದೈತ್ರಿ. ನಾಡದ ಮುಚ್ಚಳ ಹಾರತೈತಿ,” ಎಂದೆ.

ಎರಡು ದಿನ ಬಿಟ್ಟು ನೋಡಿದಾಗ ಡ್ರಮ್ಮುಗಳು ಅಲ್ಲಿರಲಿಲ್ಲ. ಚೆಲ್ಲಿಸಿರಬೇಕು ಎಂದುಕೊಂಡೆ. ಕೇಳಲಿಲ್ಲ.

ಶ್ರಾವಣ ಮುಗಿದ ಮೇಲೆ ಒಂದು ದಿನ ಮ್ಯಾನೇಜರರು ಒಬ್ಬ ತರುಣನನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಬಂದರು. ಹುಬ್ಬಳ್ಳಿಯ ಕಡೆ ಸಣ್ಣದೊಂದು ಬೀರಿನ ಘಟಕ ಹಾಕಿದ್ದನಂತೆ. ನೀಟಾಗಿ ಕತ್ತರಿಸಿದ ಗಡ್ಡ, ಮಾತಿಗೊಮ್ಮೆ ‘ಕ್ರಾಫ್ಟ್’. ನಾನು ಆ ಶಬ್ದವನ್ನು ಕೇಳಿದ್ದು ಶಾಲೆಯಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದ ಕ್ರಾಫ್ಟ್ ಟೀಚರರ ಕಾಲದಲ್ಲಿ. ಅವನ ಯೋಜನೆ ಹೀಗಿತ್ತು: ನಮ್ಮ ಸೀಮೆಯ ನಾಲ್ಕು ತಾಲೂಕಿಗೆ ಒಂದೊಂದು ಬೀರು. ಹಾನಗಲ್ಲಿನ ಮಾವು, ಸವಣೂರಿನ ವೀಳ್ಯದೆಲೆ, ಶಿಗ್ಗಾಂವಿಯ ಜೋಳ, ಹಿರೇಕೆರೂರಿನ ಗೋವಿನಜೋಳ. ಮಾರಾಟಕ್ಕೆ ಬಿಡುವ ಮೊದಲು ಆಯಾ ಊರಿನವರೇ ರುಚಿ ನೋಡಿ ಅಂಕ ಕೊಡಬೇಕು.

“ನಾ ಹುಟ್ಟಿದಾಗಿಂದ ಒಂದ ಹನಿ ಕುಡದಾಕಿ ಅಲ್ರಿ,” ಎಂದೆ.

“ಅದಕ್ಕ ನೀವ ಬೇಕ್ರಿ ಮೇಡಂ. ಕುಡಿಯವರು ಎಲ್ಲಾದಕ್ಕೂ ಛಲೋ ಐತಿ ಅಂತಾರ.”

ಮ್ಯಾನೇಜರರು ನನ್ನ ಪರವಾಗಿ ಒಪ್ಪಿಕೊಂಡುಬಿಟ್ಟರು. ಗಂಡನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಹೈಸ್ಕೂಲಿನ ವಿಜ್ಞಾನದ ಮಾಸ್ತರು, ‘ಪ್ರಯೋಗ’ ಎಂದರೆ ಯಾವುದಕ್ಕೂ ತಕರಾರಿಲ್ಲ. ಅತ್ತೆಗೆ ಮಾತ್ರ “ಶಿಗ್ಗಾಂವ್ಯಾಗ ಮೀಟಿಂಗ್ ಐತ್ರಿ” ಎಂದು ಹೇಳಿ ಬೆಳಗಿನ ಬಸ್ಸು ಹತ್ತಿದೆ.

ಶಿಗ್ಗಾಂವಿಯಲ್ಲಿ ಹೈವೇ ಪಕ್ಕದ ಹೋಟೆಲೊಂದರ ಮೇಲಿನ ಹಾಲಿನಲ್ಲಿ ಪರೀಕ್ಷೆ. ಸಮಯ ಹಗಲು ಹನ್ನೊಂದು. ಕಿಟಕಿಯ ಹೊರಗೆ ಪುಣೆಯಿಂದ ಬೆಂಗಳೂರಿಗೆ ಹೋಗುವ ಲಾರಿಗಳು, ಒಳಗೆ ಬಿಳಿ ಬಟ್ಟೆ ಹೊದಿಸಿದ ಮೇಜು. ನನ್ನನ್ನು ಬಿಟ್ಟು ಇನ್ನಿಬ್ಬರು ಪರೀಕ್ಷಕರಿದ್ದರು. ಒಬ್ಬರು ಸವಣೂರಿನ ಎಲೆ ವ್ಯಾಪಾರಿ, ಬಿಳಿ ಟೊಪ್ಪಿಗೆಯ ವಯಸ್ಸಾದ ಸಾಹೇಬರು. ಕುಳಿತ ಕೂಡಲೇ ಅವರು ಷರತ್ತು ಹಾಕಿದರು: “ನೋಡ್ರಿ, ನಾ ಮೂಗಷ್ಟ ತಂದೇನಿ. ಬಾಯಿ ಮನ್ಯಾಗ ಬಿಟ್ಟ ಬಂದೇನಿ. ವಾಸನಿಗೆ ಮಾರ್ಕ್ಸ್ ಕೊಡ್ತೇನಿ, ಉಳದದ್ದಕ್ಕ ಕೇಳಬ್ಯಾಡ್ರಿ.” ಇನ್ನೊಬ್ಬರು ಹಿರೇಕೆರೂರಿನ ಕಡೆಯ ಮಾಜಿ ಸೈನಿಕರು, ಈಗ ಗೋವಿನಜೋಳ ಬೆಳೆಯುತ್ತಾರೆ. ಮೂವರಲ್ಲಿ ಬೀರು ಎಂಬುದನ್ನು ಕುಡಿದು ಗೊತ್ತಿದ್ದವರು ಅವರೊಬ್ಬರೇ.

“ಸಾದಾ ಬೀರ್ ಇಲ್ಲೇನ್ರಿ?” ಎಂದು ಅವರು ಮೊದಲೇ ಕೇಳಿದರು.

“ಸಾದಾ ಅನ್ನೂದ ಇರಂಗಿಲ್ರಿ ಸರ್. ಒಂದೊಂದು ಒಂದೊಂದು ಶೈಲಿ.”

“ಹಂಗಾರ ಮಿರ್ಚಿಭಜಿಯರ ಹೇಳ್ರಿ.”

ಖಾರ ತಿಂದರೆ ನಾಲಿಗೆಗೆ ರುಚಿ ತಿಳಿಯುವುದಿಲ್ಲ ಎಂದು ತರುಣ ಉಪ್ಪಿಲ್ಲದ ಬಿಸ್ಕೀಟಿನ ತಟ್ಟೆ ಮುಂದಿಟ್ಟ. ಸೈನಿಕರು ಆ ತಟ್ಟೆಯನ್ನು ಗಡಿಯಾಚೆಯವರನ್ನು ನೋಡುವ ಹಾಗೆ ನೋಡಿದರು.

ನಮಗೆಲ್ಲ ಒಂದೊಂದು ಹಾಳೆ ಕೊಟ್ಟಿದ್ದ. ಬಣ್ಣ, ನೊರೆ, ವಾಸನೆ, ರುಚಿ, ಕೊನೆಗೆ ಒಟ್ಟು ಹತ್ತಕ್ಕೆ ಎಷ್ಟು. ನಾನು ಕಾರ್ಖಾನೆಯಲ್ಲಿ ಮಾಡುವಂತೆಯೇ ಮಾಡಿದೆ: ಗುಟುಕು ಬಾಯಿಗೆ ಹಾಕಿಕೊಂಡು, ಸುತ್ತ ಆಡಿಸಿ, ಪಕ್ಕದ ಸ್ಟೀಲಿನ ಪಾತ್ರೆಗೆ ಉಗುಳಿದೆ. ಸೈನಿಕರು ಗ್ಲಾಸು ಕೆಳಗಿಟ್ಟು, “ಅನ್ಯಾಯ ಮಾಡಾಕತ್ತೀರಿ ಮೇಡಂ,” ಎಂದರು. ಅವರ ದನಿಯಲ್ಲಿ ನಿಜವಾದ ನೋವಿತ್ತು.

ಶಿಗ್ಗಾಂವಿಯ ಜೋಳದ ಬೀರು ತೆಳ್ಳಗೆ, ತಣ್ಣಗೆ ಇತ್ತು. ಅಂಬಲಿ ತಂಗಳಾದಾಗ ಮೇಲೆ ನಿಲ್ಲುವ ತಿಳಿನೀರಿನ ರುಚಿ ಎಂದು ಬರೆದು ಆರು ಕೊಟ್ಟೆ. ತರುಣ ನನ್ನ ಹೆಗಲ ಮೇಲಿಂದ ಓದಿ, “ವ್ಹಾ!” ಎಂದ. ನಾನು ಬೈದಿದ್ದೆನೋ ಹೊಗಳಿದ್ದೆನೋ ನನಗೇ ಗೊತ್ತಾಗಲಿಲ್ಲ.

ಎಲೆಯ ಬೀರು ಬಂದಾಗ ಸಾಹೇಬರು ಕನ್ನಡಕ ತೆಗೆದಿಟ್ಟರು. ಕಣ್ಣು ಮುಚ್ಚಿ ಗ್ಲಾಸಿನ ಮೇಲೆ ಮೂಗು ಹಿಡಿದರು. ಒಂದು ಸಲ, ಇನ್ನೊಂದು ಸಲ.

“ಇದು ನಮ್ಮ ಎಲಿ ಅಲ್ಲ,” ಎಂದರು.

“ಸವಣೂರ ಎಲೀನ ಐತ್ರಿ ಸಾಹೇಬರ. ಹುಬ್ಬಳ್ಳಿ ಮಾರ್ಕೆಟ್ಟಿನ್ಯಾಗ ಕೇಳಿ ತಗೊಂಡೇನಿ.”

“ಮಾರಿದಾಂವ ಸವಣೂರ ಅಂತ ಹೇಳಿರಬೇಕ್ರಿ. ಎಲಿ ಹಂಗ ಹೇಳಾಕತ್ತಿಲ್ಲ.” ಅವರು ವಾಸನೆಯ ಕಾಲಮ್ಮಿನಲ್ಲಿ ದುಂಡಗೆ ಸೊನ್ನೆ ಬರೆದು, ಕಿಸೆಯಿಂದ ಸಣ್ಣ ಡಬ್ಬಿ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಎಲೆಯನ್ನು ತರುಣನ ಕೈಯಲ್ಲಿಟ್ಟರು. ಅವನು ಮೂಸಿ ನೋಡಿದ. ಕೆಂಪಾದ. ಆಮೇಲೆ ಆ ಬೀರನ್ನು ಮೇಜಿನಿಂದ ತೆಗೆಸಿದ. ಸೈನಿಕರು ಅಷ್ಟರಲ್ಲಿ ತಮ್ಮ ಪಾಲನ್ನು ಮುಗಿಸಿ ಎಂಟು ಅಂಕ ಕೊಟ್ಟಾಗಿತ್ತು. ಅವರು ಎಲ್ಲದಕ್ಕೂ ಎಂಟೇ ಕೊಟ್ಟರು. ತಮ್ಮ ಊರಿನ ಗೋವಿನಜೋಳ ಹುರಿದು ಮಾಡಿದ ಕಪ್ಪು ಬೀರಿಗೆ ಮಾತ್ರ ಅಭಿಮಾನದಿಂದ ಎಂಟೂವರೆ. ನನಗೆ ಅದು ತಳ ಹತ್ತಿದ ಕಾಫಿಯಂತಿತ್ತು.

ಕೊನೆಗೆ ಬಂದದ್ದು ಹಾನಗಲ್ಲಿನದು. ಹಳದಿ ಬಣ್ಣ, ಸ್ವಲ್ಪ ಮಂಜು ಮಂಜು. ಗುಟುಕು ಬಾಯಿಗೆ ಹಾಕಿಕೊಂಡ ಕೂಡಲೇ ನನ್ನ ಕೈ ನಿಂತಿತು. ಮೊದಲು ಮಾವು, ಆಮೇಲೆ ನಾಲಿಗೆಯ ಅಂಚಿನ ಚುರುಕು, ಕೊನೆಗೆ ಬುಟ್ಟಿಯ ತಳ. ಬೆಳೆಸಿದ ಕೂಸನ್ನು ಸಂತೆಯಲ್ಲಿ ಕಂಡರೂ ತಾಯಿಗೆ ಗುರುತು ಹತ್ತುತ್ತದಲ್ಲ, ಹಾಗೆ. ವ್ಯತ್ಯಾಸವೆಂದರೆ ನಾನು ಈ ಕೂಸನ್ನು ಹೊರಗೆ ಹಾಕಿದ್ದೆ.

“ಇದು ನಾ ರಿಜೆಕ್ಟ್ ಮಾಡಿದ ಡ್ರಮ್ಮು,” ಎಂದೆ. ಪರೀಕ್ಷಕಿಯ ಗಾಂಭೀರ್ಯ ಎಲ್ಲಿಗೋ ಹೋಗಿತ್ತು.

“ಹೌದ್ರಿ!” ತರುಣನಿಗೆ ಎಲ್ಲಿಲ್ಲದ ಸಂತೋಷ. “ನಿಮ್ಮ ಕೆಂಪ ಚೀಟಿ ಇನ್ನೂ ಅದರ ಮ್ಯಾಲ ಐತ್ರಿ.”

“ಕೆಟ್ಟೈತಿ ಅಂತ ಬರದಿದ್ದೆ ನಾನು.”

“ಕೆಟ್ಟೈತಿ ಅಂತನ ನಿಮ್ಮ ಮ್ಯಾನೇಜರ ಕಡೆ ತಗೊಂಡೇನ್ರಿ. ಈ ಶೈಲೀನ ಹುಳಿದು. ಈ ಚುರುಕಿನ ಸಲುವಾಗಿ ಬ್ಯಾರೆ ದೇಶದಾಗ ವರ್ಷಗಟ್ಟಲೆ ಕಾಯ್ತಾರ. ನಿಮ್ಮಲ್ಲಿ ಒಂದ ಮಧ್ಯಾಹ್ನದಾಗ ಆಗಿತ್ತು.”

ನನ್ನ ವಹಿಯಲ್ಲಿ ದೋಷ ಎಂದು ಬರೆದದ್ದೆಲ್ಲ ಅವನ ವಹಿಯಲ್ಲಿ ಗುಣವಾಗಿತ್ತು. ಹದಿನೆಂಟು ವರ್ಷದಲ್ಲಿ ಎಷ್ಟು ಗುಣಗಳನ್ನು ಗಟಾರಕ್ಕೆ ಬಿಡಿಸಿದ್ದೇನೋ ಎಂದು ಒಂದು ಕ್ಷಣ ಲೆಕ್ಕ ಹಾಕಲು ಹೋಗಿ, ಬಿಟ್ಟೆ. ಸಿಟ್ಟಿನಿಂದಲೇ ಹತ್ತಕ್ಕೆ ಮೂರು ಬರೆದೆ. ಕಾರಣ ಎಂಬಲ್ಲಿ ‘ಬುಟ್ಟಿಯ ತಳದಲ್ಲಿ ಮರೆತ ಹಣ್ಣಿನ ವಾಸನೆ’ ಎಂದು ಬರೆದೆ. ಆಮೇಲೆ, ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳೋಣವೆಂದು ಎರಡನೆಯ ಗುಟುಕು ಹಾಕಿಕೊಂಡೆ. ಅದನ್ನು ಉಗುಳಲಿಲ್ಲ. ನುಂಗಿದ್ದು ನುಂಗಿದ ಮೇಲೆಯೇ ನನಗೆ ಗೊತ್ತಾಯಿತು. ಮೂರನೆಯದು ಗೊತ್ತಿದ್ದೇ ನುಂಗಿದೆ. ಅಂಕ ತಿದ್ದಲಿಲ್ಲ; ನಮ್ಮ ಕೆಲಸದಲ್ಲಿ ಒಮ್ಮೆ ಬರೆದದ್ದನ್ನು ತಿದ್ದುವ ರೂಢಿಯಿಲ್ಲ.

ಆ ಬೀರು ಮುಂದೆ ಚೆನ್ನಾಗಿ ಹೋಯಿತಂತೆ. ಬಾಟಲಿಯ ಮೇಲೆ ತರುಣ ನನ್ನ ಆ ವಾಕ್ಯವನ್ನೇ ಹೊಗಳಿಕೆಯೆಂದು ಅಚ್ಚು ಹಾಕಿಸಿದ. ಮ್ಯಾನೇಜರರು ಈಗ ನನ್ನ ಜೊತೆ ದಿನಾ ಚಹಾ ಕುಡಿಯುತ್ತಾರೆ.

ಆ ದಿನ ಎದ್ದು ಹೊರಡುವಾಗ ಸೈನಿಕರು ನಮಗೆಲ್ಲ ಶುಭ ಕೋರಲೆಂದು ಗ್ಲಾಸು ಎತ್ತಿದರು. ಎತ್ತಿದ ಕೈ ನೆಟ್ಟಗೆ ನಿಲ್ಲಲಿಲ್ಲ. ಹಾನಗಲ್ಲಿನ ಬೀರು ಪೂರ್ತಿ ನನ್ನ ಸೆರಗಿನ ಮೇಲೆ ಬಿತ್ತು. ನೀರು ಹಾಕಿ ತಿಕ್ಕಿದೆ. ವಾಸನೆ ಇನ್ನೂ ಹರಡಿತು. ಬಸ್ ನಿಲ್ದಾಣಕ್ಕೆ ಬಂದರೆ ಹಾನಗಲ್ಲಿನ ಬಸ್ಸು ಹೊರಟು ನಿಂತಿತ್ತು. ಹತ್ತಿ ಕಿಟಕಿಯ ಪಕ್ಕ ಕುಳಿತೆ.

ನನ್ನ ಹಿಂದಿನ ಸೀಟಿನಲ್ಲಿ ಒಬ್ಬ ರೈತ ಕುಳಿತಿದ್ದ. ಸುಮಾರು ನಲವತ್ತರ ಆಳು, ಮಡಿಲಲ್ಲಿ ಗೋಣಿಚೀಲದಲ್ಲಿ ಸುತ್ತಿದ ಪಂಪಿನ ಮೋಟಾರು. ಕಣ್ಣು ಕೆಂಡದಂತೆ ಕೆಂಪು, ತಲೆ ಬಸ್ಸಿನ ಜೊತೆ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಬಸ್ಸು ಊರು ದಾಟುವಷ್ಟರಲ್ಲಿ ನನ್ನ ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದು ಹಿಂದೆ ತಿರುಗಿದಳು.

“ಹಗಲ ಹೊತ್ತಿನ್ಯಾಗ ಕುಡದ ಬಂದಾನ ನೋಡ್ರಿ! ನಾಚಿಕಿ ಬರಂಗಿಲ್ಲೇನ ನಿನಗ?”

ಅವನು ಬೆಚ್ಚಿ ಎದ್ದ. “ನಾ ಎಲ್ಲಿ ಕುಡದೇನ್ರಿ ಅಕ್ಕಾರ? ರಾತ್ರಿ ಮೋಟಾರ ಸುಟ್ಟತ್ರಿ, ನಿದ್ದಿಲ್ಲ…”

“ನಿದ್ದಿ ವಾಸನಿ ಹಿಂಗ ಬರತೈತೇನ?”

ಬಸ್ಸೆಲ್ಲ ನಕ್ಕಿತು. ನಾನು ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು ಕಿಟಕಿಯ ಹೊರಗೆ ಹತ್ತಿಯ ಹೊಲಗಳನ್ನು ನೋಡಿದೆ. ಇದನ್ನು ಬರೆಯುವಾಗ ಚೆನ್ನಾಗಿ ಕಾಣುವುದಿಲ್ಲ, ಆದರೆ ಹಾಗೇ ಮಾಡಿದೆ. ಹದಿನೆಂಟು ವರ್ಷ ಬೇರೆಯವರ ಹುಳಿ ಹಿಡಿದುಕೊಟ್ಟವಳಿಗೆ ನನ್ನದನ್ನು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಬಂದು ಅವನ ತೋಳು ಹಿಡಿದು, “ಏಳೋ, ಬಂಕಾಪುರ ಬರೂ ಮುಂಚೆನ ಇಳಿ ನೀನು,” ಎಂದು ಸೀಟಿ ಊದಿಬಿಟ್ಟ. ಬಸ್ಸು ಬಯಲಿನಲ್ಲಿ ನಿಂತಿತು. ಅವನು ಭಾರದ ಮೋಟಾರನ್ನು ಎತ್ತಿಕೊಳ್ಳಲು ಬಗ್ಗಿದ.

ಆಗ ನಾನು ಎದ್ದು ನಿಂತೆ. “ಅವರನ್ನ ಇಳಸಬ್ಯಾಡ್ರಿ. ಅವರು ಕುಡದಿಲ್ಲ. ಈ ವಾಸನಿ ನಂದು. ಬೀರು ನನ್ನ ಸೀರಿ ಮ್ಯಾಲ ಚೆಲ್ಲೈತಿ.”

ಕಂಡಕ್ಟರ್ ನನ್ನನ್ನು ನೋಡಿದ. ನನ್ನ ಕನ್ನಡಕ, ಕುತ್ತಿಗೆಯಲ್ಲಿ ಜೋತಾಡುತ್ತಿದ್ದ ಕಾರ್ಖಾನೆಯ ಗುರುತಿನ ಚೀಟಿ, ಕೈಯಲ್ಲಿದ್ದ ಊಟದ ಡಬ್ಬಿಯ ಚೀಲ. ಪಕ್ಕದ ಹೆಂಗಸು ಮೊದಲು ಬಾಯಿ ಬಿಟ್ಟಳು. “ಕೇಳ್ರಿ, ಎಂಥಾ ಮನಸ! ಯಾವನೋ ಕುಡಕನ ಸಲುವಾಗಿ ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ತಾರ.”

“ಖರೇನ ಹೇಳಾಕತ್ತೇನ್ರಿ. ನಾ ಬೀರಿಗೆ ಮಾರ್ಕ್ಸ್ ಕೊಡಾಕ ಹೋಗಿದ್ದೆ.”

ಈ ಮಾತಿಗೆ ಬಸ್ಸು ಮೊದಲಿಗಿಂತ ಜೋರಾಗಿ ನಕ್ಕಿತು. ಸತ್ಯ ಹೇಳಿ ಇಷ್ಟು ದೊಡ್ಡ ಸುಳ್ಳುಗಾರ್ತಿಯಾಗಿದ್ದು ಅದೇ ಮೊದಲು. ಕಂಡಕ್ಟರ್ ಸೀಟಿ ಊದಿ ಬಸ್ಸು ಬಿಡಿಸಿದ. “ಮೇಡಂ ಮುಖಾ ನೋಡಿ ಬಿಟ್ಟೇನಿ. ಸುಮ್ನ ಕುಂದ್ರು,” ಎಂದು ರೈತನಿಗೆ ಗದರಿದ. ದಾರಿಯುದ್ದಕ್ಕೂ ಅವನಿಗೆ ನಾಲ್ಕು ಜನ ಬುದ್ಧಿ ಹೇಳಿದರು. ನನಗೆ ಒಬ್ಬರು ನೀರಿನ ಬಾಟಲಿ ಕೊಟ್ಟರು.

ಬಂಕಾಪುರದಲ್ಲಿ ಅವನು ಇಳಿದ. ನಾನೂ ಬಾಗಿಲ ತನಕ ಹೋದೆ, ಮೋಟಾರಿಗೆ ಒಂದು ಕೈ ಹಿಡಿದೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೈಮುಗಿದ.

“ಇಡೀ ಬಸ್ಸಿನ್ಯಾಗ ನೀವೊಬ್ರ ನನ್ನ ನಂಬಿದ್ರಿ ಅಕ್ಕಾರ. ನನ್ನ ಸಲುವಾಗಿ ಸುಳ್ಳ ಹೇಳಿದ್ರಿ. ಇದನ್ನ ಮರಿಯಂಗಿಲ್ಲ ನಾನು.”

“ಸುಳ್ಳಲ್ಲಪಾ, ಕೇಳಿಲ್ಲಿ, ಖರೇನ ನಾನ…”

“ಇರ್ಲಿ ಬಿಡ್ರಿ, ದೇವ್ರು ನಿಮಗ ಛಲೋ ಮಾಡ್ಲಿ.” ಬಾಗಿಲು ಮುಚ್ಚಿತು.

ಮನೆಗೆ ಬಂದವಳೇ ಸೀರೆ ಬದಲಿಸಿ, ಅತ್ತೆಯ ಎದುರು ಕುಳಿತು ಎಲ್ಲವನ್ನೂ ಹೇಳಿಬಿಡುವುದೆಂದು ನಿಶ್ಚಯಿಸಿದ್ದೆ. ಆದರೆ ನಮ್ಮ ಓಣಿಯ ಒಬ್ಬರು ಅದೇ ಬಸ್ಸಿನಲ್ಲಿದ್ದರಂತೆ. ನಾನು ಹಿತ್ತಲಲ್ಲಿ ಸೀರೆ ನೆನೆಹಾಕುತ್ತಿದ್ದಾಗಲೇ ಅವರು ಬಂದು ಕತೆ ಮುಗಿಸಿ ಹೋಗಿದ್ದರು. ಅತ್ತೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರ ಕಣ್ಣಲ್ಲಿ ನನ್ನ ಬಗ್ಗೆ ಅಂಥ ಮೆಚ್ಚುಗೆ ಕಂಡವಳಲ್ಲ.

“ಅತ್ತಿ, ಅದು ಹಂಗಲ್ರಿ. ನಾ ಖರೇನ ಬೀರು ಕುಡದೇನಿ. ಎರಡ ಗುಟುಕ.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಕ್ಕು, ನನ್ನ ಮೊಣಕಾಲಿನ ಮೇಲೆ ತಟ್ಟಿ, “ಸಾಕ ಬಿಡ, ಇನ್ನೂ ಅಂವನ್ನ ಉಳಸಾಕ ಹೊಂಟೀಯಲ್ಲ,” ಎಂದರು. ಒಳಗೆ ಹೋಗಿ ನನಗೆ ಚಹಾ ಇಟ್ಟರು. ಬಾಗಿಲಲ್ಲಿ ನಿಂತಿದ್ದ ಗಂಡ ಗೋಡೆಯ ಕಡೆ ಮುಖ ಮಾಡಿ ಹೆಗಲು ಕುಲುಕಿಸುತ್ತ ನಗುತ್ತಿದ್ದರು.