ಮನೆಯವನ ವಾಸನೆ

ಕೀಟಾಲಯದಲ್ಲಿ ಎಲ್ಲರೂ ಅವಳನ್ನು ಇರುವೆಯಕ್ಕ ಎನ್ನುತ್ತಿದ್ದರು. ಮೊದಲು ಶಿಶುವಿಹಾರದಲ್ಲಿ ಆಯಾ ಆಗಿದ್ದವಳು. ಗುರುತಿಲ್ಲದವರು ಎಷ್ಟೇ ಹಲ್ಲು ಕಿರಿದರೂ ಮಗುವನ್ನು ಅವರ ಕೈಗೆ ಕೊಟ್ಟವಳಲ್ಲ. ಅಂಥದ್ದೇ ಒಂದು ಜಗಳದಲ್ಲಿ ಕೆಲಸ ಬಿಟ್ಟು ಇಲ್ಲಿಗೆ ಬಂದಳು. ಈಗ ಗಾಜಿನ ಪೆಟ್ಟಿಗೆಯಲ್ಲಿ ಎಲೆ ಹೆಣೆದು ಗೂಡು ಕಟ್ಟಿದ ಕೆಂಜಿಗ ಇರುವೆಗಳೇ ಅವಳ ಸಂಸಾರ.

ಯಾಕೋ ಗೂಡಿನಲ್ಲಿ ಮರಿಹುಳುಗಳು ಕಡಿಮೆಯಾಗುತ್ತ ಬಂದವು. ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಒಂದು ಜೇಡ ಗತ್ತಿನಿಂದ ಒಳಗೆ ನಡೆದು, ಇರುವೆಯೊಂದರ ಬಾಯಿಂದ ಮರಿಯನ್ನು ಇಸಿದುಕೊಂಡು, ಮೂಲೆಯಲ್ಲಿ ಕೂತು ತಿಂದಿತು. ಸುತ್ತಲಿದ್ದ ಇರುವೆಗಳು ಮೀಸೆಯಿಂದ ಅದರ ಮೈ ಸವರಿ, ನಮ್ಮವನೇ ಎಂದು ದಾರಿ ಬಿಟ್ಟವು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಅವಕ್ಕೆ ಮೂಗೇ ಕಣ್ಣು, ಅಕ್ಕ,” ಎಂದು ಮೇಲ್ವಿಚಾರಕ ನಕ್ಕ. “ಜೇಡದ ಮೈಗೆ ಇರುವೆ ವಾಸನೆ ಹತ್ತಿದೆ. ಜನ ಬರೋದೇ ಇದನ್ನ ನೋಡೋಕೆ. ಮುಟ್ಟಬೇಡಿ.”

ಅವಳು ಮುಟ್ಟಿದಳು. ಜೇಡವನ್ನು ಜಾಡಿಗೆ ಹಾಕಿ, ಬೈದುಕೊಂಡೇ ನೊಣ ತಿನ್ನಿಸಿ ಸಾಕಿದಳು. ಕೆಲವು ದಿನಗಳ ಮೇಲೆ ಮೇಲ್ವಿಚಾರಕನಿಗೆ ಗೊತ್ತಾಗಿ ಕೂಗಾಡಿದ. “ನಾಳೆ ಶಾಲೆ ಮಕ್ಕಳು ಬರ್ತಿದ್ದಾರೆ, ಈಗಲೇ ವಾಪಸ್ ಬಿಡಿ!”

ಬಿಟ್ಟಳು. ಜೇಡ ತನ್ನ ಮನೆಗೆ ಬಂದಂತೆ ನೇರವಾಗಿ ಮರಿಗಳ ಕಡೆ ಹೊರಟಿತು. ಒಂದು ಇರುವೆ ಸವರಿ ನೋಡಿ ಅಲ್ಲೇ ನಿಂತಿತು. ಮರುಕ್ಷಣ ಹಿಂಡು ಹಿಂಡಾಗಿ ಮುತ್ತಿಕೊಂಡು ದಿಕ್ಕಿಗೊಂದು ಕಾಲು ಹಿಡಿದು ಎಳೆದವು. ಅವಳು ಬರಿಗೈ ಹಾಕಿ ಜೇಡವನ್ನು ಕಿತ್ತು ತೆಗೆದಳು. ಒಂದು ಕಾಲು ಅಲ್ಲೇ ಉಳಿಯಿತು. ಇರುವೆಗಳು ಬೆರಳು ಕಚ್ಚಿ ಜೋತಾಡುತ್ತಿದ್ದವು.

“ಮೊನ್ನೆವರೆಗೆ ಮೈ ಸವರಿ ಒಳಗೆ ಬಿಟ್ಕೊಂಡೋರು ನೀವೇ ಅಲ್ವೇನ್ರೇ!”

“ಮರಿ ತಿಂದ್ರೇನೇ ಆ ವಾಸನೆ ಬರೋದು,” ಎಂದ ಮೇಲ್ವಿಚಾರಕ. “ನೊಣ ತಿಂದು ತಿಂದು ವಾಸನೆ ಹೋಗ್ಬಿಟ್ಟಿದೆ. ದಿನಾ ಒಂದೆರಡು ಮರಿ ಹಾಕಿ, ಸರಿಹೋಗುತ್ತೆ.”

ಅವಳು ಜೇಡವನ್ನು ಮತ್ತೆ ಜಾಡಿಗೆ ಹಾಕಿ ಮುಚ್ಚಳ ಬಿಗಿದಳು. “ಮಕ್ಕಳನ್ನ ತಿಂದಿದ್ದಕ್ಕೆ ಮನೆಯವನ ವಾಸನೆ! ಅದನ್ನ ಮೂಸಿ ಇವು ಬಾಗಿಲು ತೆಗೆಯೋದು! ಆ ಮರೀನ ನಾನೇ ಎತ್ತಿಕೊಡಬೇಕಾ? ಇಷ್ಟು ದಿನ ಸಾಕಿದ ಕೈಯಿಂದ? ನನ್ನಿಂದಾಗಲ್ಲ. ನಿಮ್ಮ ನೆಂಟನ್ನ ನೀವೇ ನೋಡ್ಕೊಳ್ಳಿ!”

ಜಾಡಿಯನ್ನು ಅವನ ಮೇಜಿನ ಮೇಲೆ ಕುಕ್ಕಿ ಹೊರಗೆ ನಡೆದಳು.

ಸಂಜೆ ಬೀಗ ಹಾಕಲು ಬಂದಾಗ ಜಾಡಿ ಅಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ. ಜೇಡ ಏಳು ಕಾಲು ಮುದುರಿಕೊಂಡು ತಳದಲ್ಲಿ ಕೂತಿತ್ತು. ಅವಳು ಬಾಯಿಗೆ ಬಂದಂತೆ ಬೈಯುತ್ತ, ಬಾತುಕೊಂಡ ಬೆರಳಲ್ಲೇ ಕಿಟಕಿಯ ನೊಣವೊಂದನ್ನು ಹಿಡಿದು ಒಳಗೆ ಬಿಟ್ಟಳು.

“ತಿನ್ನು, ಪಾಪಿ.”